ಗಾಳಿಯೂ ಅಲ್ಲ, ಮಾಟವೂ ಅಲ್ಲ: ಔಷಧಿ ಇರೋ ಕಾಯಿಲೆಗೆ ಸರಪಳಿ ಯಾಕೆ?

ಶಿವಮೊಗ್ಗ ಬಸ್ ಸ್ಟ್ಯಾಂಡಿನಿಂದ ಭದ್ರಾವತಿಗೆ ಬೆಳಗಿನಿಂದ ರಾತ್ರಿವರೆಗೆ ಬಸ್ಸಿನ ಮೇಲೆ ಬಸ್ಸು. ಒಂದೊಂದರಲ್ಲೂ ಸುಮಾರು ಐವತ್ತು ಸೀಟು. ನಿಂತವರನ್ನು ಬಿಡಿ, ಕೂತವರನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ. ಆರೇಳು ಬಸ್ಸಿನ ಜನರನ್ನು ಇಳಿಸಿ ಸಾಲಾಗಿ ನಿಲ್ಲಿಸಿದರೆ ಅವರಲ್ಲಿ ಒಬ್ಬರಿಗೆ ಈ ಕಾಯಿಲೆ ಇದ್ದೀತು. ಇದು ಯಾರೋ ಹೋಟೆಲಿನಲ್ಲಿ ಕೂತು ಬಾಯಿಗೆ ಬಂದಂತೆ ಹೇಳಿದ ಲೆಕ್ಕವಲ್ಲ. 300ರಿಂದ 350 ಜನಕ್ಕೆ ಒಬ್ಬರು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಕಾಯಿಲೆಯ ಹೆಸರು ಸ್ಕಿಜೋಫ್ರೇನಿಯಾ. ಹೆಸರು ನಾಲಿಗೆಗೆ ಹೊರಳೋದಿಲ್ಲ. ಕನ್ನಡದಲ್ಲಿ ಬರೆದ ವೈದ್ಯರು ‘ಇಚ್ಚಿತ್ತ ವಿಕಲತೆ’ ಅಂತ ಕರೆದು ನೋಡಿದರು. ಅದೂ ಜನರ ಬಾಯಿಗೆ ಬರಲಿಲ್ಲ. ಜನ ಇಟ್ಟ ಹೆಸರುಗಳೇ ಬೇರೆ: ತಲೆ ಕೆಟ್ಟಿದೆ, ಸ್ಕ್ರೂ ಲೂಸು, ಗಾಳಿ ಸೋಕಿದೆ, ಯಾರೋ ಮದ್ದು ಹಾಕಿದ್ದಾರೆ, ಚೌಡಿ ಮೆಟ್ಟಿದೆ. ಹೆಸರು ತಪ್ಪಿದ ಕೂಡಲೇ ದಾರಿಯೂ ತಪ್ಪುತ್ತೆ. ಆಸ್ಪತ್ರೆಗೆ ಹೋಗಬೇಕಾದ ಮನೆಯವರು ಅಂಜನದವನ ಮನೆ ಬಾಗಿಲಲ್ಲಿ ಕೂತಿರ್ತಾರೆ.

2011ರ ಜನಗಣತಿ ಪ್ರಕಾರ ಶಿವಮೊಗ್ಗ ಜಿಲ್ಲೆಯಲ್ಲಿ ಹದಿನೇಳೂವರೆ ಲಕ್ಷ ಜನ. ಮೇಲಿನ ಲೆಕ್ಕವನ್ನೇ ಹಾಕಿದರೆ ಈ ಕಾಯಿಲೆಯವರು ಐದರಿಂದ ಆರು ಸಾವಿರ ಮಂದಿ ಆಗ್ತಾರೆ. ಅವರೆಲ್ಲ ಎಲ್ಲಿದ್ದಾರೆ? ಕೆಲವರು ಸರ್ಕಲ್ಲಿನಲ್ಲಿ ಹರಿದ ಅಂಗಿ ತೊಟ್ಟು ತಮ್ಮಷ್ಟಕ್ಕೆ ಮಾತಾಡುತ್ತಾ ನಿಂತಿರೋದು ಎಲ್ಲರಿಗೂ ಕಾಣುತ್ತೆ. ಆದರೆ ಬಹುಪಾಲು ಜನ ಕಾಣೋದೇ ಇಲ್ಲ. ಮನೆಯ ಹಿಂದಿನ ಕೋಣೆಯಲ್ಲಿ ಇದ್ದಾರೆ. ಔಷಧಿ ತಗೊಂಡು ನಿಮ್ಮ ಪಕ್ಕದ ಸೀಟಿನಲ್ಲೇ ಕೂತು ಕೆಲಸಕ್ಕೆ ಹೋಗುತ್ತಾ ಇರುವವರೂ ಇದ್ದಾರೆ. ಅವರನ್ನು ನೋಡಿ ಯಾರಿಗೂ ಗೊತ್ತಾಗೋದಿಲ್ಲ.

ಕಿವಿಯಲ್ಲಿ ಮಾತು, ಮನಸ್ಸಿನಲ್ಲಿ ಸಂಶಯ

ಕಾಯಿಲೆ ಹೇಗೆ ಶುರುವಾಗುತ್ತೆ? ಒಂದು ಉದಾಹರಣೆ ತಗೊಳ್ಳಿ. ಗಾಂಧಿ ಬಜಾರಿನಲ್ಲೋ ದುರ್ಗಿಗುಡಿಯಲ್ಲೋ ಅಂಗಡಿ ಇಟ್ಟವರೊಬ್ಬರ ಮಗ ಅಂತ ಇಟ್ಕೊಳ್ಳಿ. ವಯಸ್ಸು ಇಪ್ಪತ್ತೊಂದು. ಕಾಲೇಜಿಗೆ ಹೋಗ್ತಿದ್ದವನು, ಸಂಜೆ ಗಲ್ಲಾದಲ್ಲಿ ಕೂತು ಗಿರಾಕಿಗಳ ಜೊತೆ ನಗ್ತಾ ಮಾತಾಡ್ತಿದ್ದವನು. ಒಂದು ನಾಲ್ಕೈದು ತಿಂಗಳಿಂದ ರಾತ್ರಿ ನಿದ್ದೆ ಮಾಡೋದಿಲ್ಲ. ಗೆಳೆಯರು ಬಂದರೆ ಇಲ್ಲ ಅನ್ನು ಅಂತಾನೆ. ಸ್ನಾನ ಬಿಟ್ಟ. ಓದಿನಲ್ಲಿ ಹಿಂದೆ ಬಿದ್ದ. ಆಮೇಲೆ ಒಂದು ದಿನ ‘ಎದುರು ಅಂಗಡಿಯವರು ನನ್ನನ್ನೇ ನೋಡಿ ಕೆಮ್ಮುತ್ತಾರೆ, ಅದು ಸಿಗ್ನಲ್ಲು’ ಅಂದ. ಇನ್ನೊಂದು ದಿನ ಊಟದ ತಟ್ಟೆ ತಳ್ಳಿದ: ‘ಇದರಲ್ಲಿ ಏನೋ ಹಾಕಿದ್ದೀರಿ.’

ಇವು ಸಂಶಯದ ಲಕ್ಷಣಗಳು. ಸಾಮಾನ್ಯ ಸಂಶಯಕ್ಕೂ ಇದಕ್ಕೂ ವ್ಯತ್ಯಾಸ ಇದೆ. ನಮ್ಮ ನಿಮ್ಮ ಸಂಶಯಕ್ಕೆ ಸಾಕ್ಷಿ ತೋರಿಸಿದರೆ ಕರಗುತ್ತೆ. ಇದು ಕರಗೋದಿಲ್ಲ. ಅಮ್ಮ ಅದೇ ತಟ್ಟೆಯಿಂದ ತುತ್ತು ತಿಂದು ತೋರಿಸಿದರೂ ‘ನಿನಗೆ ಮೊದಲೇ ಮದ್ದು ಕೊಟ್ಟಿದ್ದಾರೆ’ ಅಂತಾನೆ. ಟೀವಿಯಲ್ಲಿ ವಾರ್ತೆ ಓದುವವರು ತನಗೇ ಹೇಳ್ತಿದ್ದಾರೆ, ಮೊಬೈಲಿನೊಳಗಿಂದ ಯಾರೋ ನೋಡ್ತಿದ್ದಾರೆ, ತನ್ನ ಮನಸ್ಸಿನಲ್ಲಿ ಏಳೋ ಯೋಚನೆಯೆಲ್ಲ ಮೈಕಿನಲ್ಲಿ ಹಾಕಿದಂತೆ ಊರಿಗೆಲ್ಲ ಕೇಳ್ತಿದೆ, ತನ್ನ ತಲೆಯಿಂದ ಯಾರೋ ಯೋಚನೆಯನ್ನು ಕಿತ್ತುಕೊಳ್ತಿದ್ದಾರೆ – ಇಂಥ ನಂಬಿಕೆಗಳು ಗಟ್ಟಿಯಾಗಿ ಕೂತುಬಿಡ್ತವೆ.

ಇನ್ನೊಂದು ದೊಡ್ಡ ಲಕ್ಷಣ ಕಿವಿಗೆ ಬೀಳೋ ದನಿ. ಎದುರಿಗೆ ಯಾರೂ ಇಲ್ಲ. ಆದರೂ ಮಾತು ಕೇಳುತ್ತೆ. ಇಬ್ಬರು ಸೇರಿ ತನ್ನ ಬಗ್ಗೆ ಆಡಿಕೊಳ್ಳೋ ಹಾಗೆ. ‘ನೋಡು, ಈಗ ಎದ್ದ, ಈಗ ಚಪ್ಪಲಿ ಹಾಕ್ಕೊಂಡ, ಹೊರಟ’ ಅಂತ ಕಾಮೆಂಟರಿ ಕೊಟ್ಟ ಹಾಗೆ. ಬೈದ ಹಾಗೆ. ಕೆಲವೊಮ್ಮೆ ‘ಸಾಯಿ’ ಅಂತ ಅಪ್ಪಣೆ ಕೊಟ್ಟ ಹಾಗೆ. ರಸ್ತೆಯಲ್ಲಿ ಒಬ್ಬನೇ ಮಾತಾಡೋ ಮನುಷ್ಯ ಸುಮ್ಮಸುಮ್ಮನೆ ಮಾತಾಡ್ತಿಲ್ಲ, ತನಗೆ ಕೇಳಿದ್ದಕ್ಕೆ ಉತ್ತರ ಕೊಡ್ತಿದ್ದಾನೆ. ಅವನು ನಾಟಕ ಆಡ್ತಿಲ್ಲ, ಸುಳ್ಳೂ ಹೇಳ್ತಿಲ್ಲ. ದನಿ ಕೇಳುವ ಹೊತ್ತಿನಲ್ಲಿ ಮಾತಿಗೆ ಸಂಬಂಧಪಟ್ಟ ಮಿದುಳಿನ ಭಾಗಗಳು ನಿಜವಾಗಿಯೂ ಚುರುಕಾಗಿರೋದು ಸ್ಕ್ಯಾನಿಂಗಿನಲ್ಲಿ ಕಂಡಿದೆ.

ಮೂರನೆಯದು ಮಾತಿನ ಹಳಿ ತಪ್ಪೋದು. ಊಟ ಆಯ್ತಾ ಅಂದರೆ ಊಟದಿಂದ ಶುರುವಾಗಿ ತುಂಗಾ ಸೇತುವೆಗೆ ಹಾರಿ, ಅಲ್ಲಿಂದ ಪೊಲೀಸರಿಗೆ ಹಾರಿ, ಎಲ್ಲೋ ನಿಲ್ಲುತ್ತೆ. ಕೇಳಿದವರಿಗೆ ತಲೆಬುಡ ಗೊತ್ತಾಗೋದಿಲ್ಲ.

ಇಷ್ಟೆಲ್ಲ ಆದರೂ ‘ನನಗೇನೂ ಆಗಿಲ್ಲ’ ಅಂತಾನೆ. ಮನೆಯವರು ಇದನ್ನು ಹಟ ಅಂತ ತಿಳಿದು ಜಗಳ ಮಾಡ್ತಾರೆ. ಹಟ ಅಲ್ಲ ಸ್ವಾಮಿ! ಕಾಯಿಲೆ ಇದೆ ಅನ್ನೋ ತಿಳಿವೇ ಹೋಗಿರೋದು ಈ ಕಾಯಿಲೆಯ ಒಂದು ಭಾಗ.

ಸೋಮಾರಿ ಅಂದುಬಿಟ್ಟರು

ಕೂಗಾಟ, ಸಂಶಯ ಎಲ್ಲರ ಕಣ್ಣಿಗೂ ಬೀಳುತ್ತೆ. ಕಣ್ಣಿಗೆ ಬೀಳದ ಇನ್ನೊಂದು ಮುಖ ಇದೆ. ಅದು ಹೆಚ್ಚು ವರ್ಷ ತಿನ್ನುತ್ತೆ. ಏನೂ ಬೇಡ ಅನ್ನಿಸೋದು. ಬೆಳಗ್ಗೆ ಎದ್ದವನು ಹಾಸಿಗೆಯ ತುದಿಯಲ್ಲಿ ಹನ್ನೊಂದು ಗಂಟೆವರೆಗೆ ಕೂತಿರೋದು. ಕೇಳಿದ್ದಕ್ಕೆ ಒಂದೇ ಮಾತು. ಮುಖದಲ್ಲಿ ನಗುವೂ ಇಲ್ಲ, ಅಳುವೂ ಇಲ್ಲ. ಗಡ್ಡ ಬೆಳೆದಿದೆ, ಬಟ್ಟೆ ಬದಲಾಯಿಸಿಲ್ಲ. ತಂಗಿ ಮದುವೆಯಾದರೂ ಸಂತೋಷ ಇಲ್ಲ, ಅಜ್ಜಿ ಸತ್ತರೂ ದುಃಖ ಇಲ್ಲ.

ಇದಕ್ಕೆ ಊರು ಕೊಡೋ ಹೆಸರು ‘ಸೋಮಾರಿ’. ದುಡಿಯೋ ವಯಸ್ಸಿನ ಗಂಡು ಮನೇಲಿ ಕೂತು ತಿನ್ನುತ್ತಾನೆ ಅಂತ ನೆಂಟರು ಹಂಗಿಸ್ತಾರೆ. ಹುಡುಗಿಯಾದರೆ ‘ಸೊಕ್ಕು’ ಅಂತಾರೆ. ಭದ್ರಾವತಿಯಂಥ ಕಾರ್ಖಾನೆ ಊರಿನಲ್ಲಿ ಇದು ಇನ್ನೂ ಕಷ್ಟ. 1923ರಲ್ಲಿ ಉತ್ಪಾದನೆ ಶುರು ಮಾಡಿದ ಕಬ್ಬಿಣದ ಕಾರ್ಖಾನೆ, ಆಮೇಲೆ ಬಂದ ಕಾಗದದ ಕಾರ್ಖಾನೆ – ಇವೆರಡರ ಸೈರನ್ನಿಗೆ ತಲೆಮಾರುಗಟ್ಟಲೆ ಎದ್ದು ಪಾಳಿಗೆ ಹೋದ ಜನ. ಮೈ ಬಗ್ಗಿಸಿ ದುಡಿದ ಅಪ್ಪನಿಗೆ ಹಾಸಿಗೆ ಬಿಟ್ಟು ಏಳದ ಮಗನನ್ನು ಕಂಡರೆ ಮೈ ಉರಿಯುತ್ತೆ. ಕಾಗದದ ಕಾರ್ಖಾನೆ ನಿಂತು ವರ್ಷಗಳಾದ ಮೇಲೆ ‘ಕೆಲಸ ಇಲ್ಲ, ಅದಕ್ಕೇ ಹೀಗಾದ’ ಅನ್ನೋ ವಿವರಣೆಯೂ ಸುಲಭವಾಗಿ ಸಿಗುತ್ತೆ. ಕೆಲಸ ಇಲ್ಲದ ಚಿಂತೆ ಬೇರೆ, ಈ ಕಾಯಿಲೆ ಬೇರೆ. ಕಾಲು ಮುರಿದವನಿಗೆ ಓಡು ಅಂದ ಹಾಗೆಯೇ ಈ ಹುಡುಗನಿಗೆ ‘ಮನಸ್ಸು ಗಟ್ಟಿ ಮಾಡ್ಕೋ’ ಅನ್ನೋದು.

ಇದು ನಾಗವಲ್ಲಿ ಕಥೆಯಲ್ಲ

ಸ್ಕಿಜೋಫ್ರೇನಿಯಾ ಅಂದರೆ ಒಬ್ಬರೊಳಗೆ ಇಬ್ಬರು ಇರೋದು ಅಂತ ಬಹಳ ಜನ ತಿಳಿದಿದ್ದಾರೆ. 2004ರ ‘ಆಪ್ತಮಿತ್ರ’ ನೋಡಿದವರಿಗೆ ಕೂಡಲೇ ನಾಗವಲ್ಲಿ ನೆನಪಾಗ್ತಾಳೆ. ಅದು ಬೇರೆ ಬಗೆ, ಇದು ಬೇರೆ. ಸ್ಕಿಜೋಫ್ರೇನಿಯಾದಲ್ಲಿ ಮನುಷ್ಯ ಒಬ್ಬನೇ. ಅವನ ಯೋಚನೆ, ಭಾವನೆ, ನಡೆ – ಇವು ಒಂದಕ್ಕೊಂದು ಹೊಂದಿಕೆ ತಪ್ಪಿರ್ತವೆ ಅಷ್ಟೆ. ಸ್ವಿಟ್ಜರ್‌ಲೆಂಡಿನ ಡಾಕ್ಟರ್ ಯೂಜೆನ್ ಬ್ಲಾಯ್ಲರ್ 1908ರಲ್ಲಿ ಈ ಹೆಸರು ಇಟ್ಟಾಗ ಮನಸ್ಸಿನ ಸೀಳು ಅಂದದ್ದು ಈ ಅರ್ಥದಲ್ಲಿ.

ಇನ್ನೊಂದು ತಪ್ಪು ತಿಳುವಳಿಕೆ: ಇವರೆಲ್ಲ ಹೊಡೆಯೋಕೆ ಬರ್ತಾರೆ ಅನ್ನೋದು. ಬಹುಪಾಲು ರೋಗಿಗಳು ಯಾರಿಗೂ ಕೈ ಎತ್ತೋದಿಲ್ಲ. ಪೆಟ್ಟು ತಿನ್ನೋರೇ ಜಾಸ್ತಿ. ಕಲ್ಲು ಹೊಡೆಸಿಕೊಳ್ಳೋರು, ದುಡ್ಡು ಕಿತ್ತುಕೊಂಡು ಹೋದರೂ ದೂರು ಕೊಡಲಾಗದೆ ಇರೋರು ಇವರೇ. ಇವರಿಂದ ಅಪಾಯ ಇದ್ದರೆ ಅದು ಹೆಚ್ಚಾಗಿ ಇವರ ಜೀವಕ್ಕೇ. ನೂರರಲ್ಲಿ ಐದು ಮಂದಿ ಆತ್ಮಹತ್ಯೆಯಲ್ಲಿ ಕೊನೆಯಾಗ್ತಾರೆ ಅನ್ನೋದು ವೈದ್ಯರ ಲೆಕ್ಕ.

ಯಾಕೆ ಬರುತ್ತೆ?

ಸಾಮಾನ್ಯವಾಗಿ ಹದಿನಾರು ಹದಿನೇಳರಿಂದ ಮೂವತ್ತರ ಆಸುಪಾಸಿನಲ್ಲಿ ಬರೋ ಕಾಯಿಲೆ. ಗಂಡಸರಿಗೆ ಸ್ವಲ್ಪ ಬೇಗ, ಹೆಂಗಸರಿಗೆ ಸ್ವಲ್ಪ ತಡ. ಬಡವ ಬಲ್ಲಿದ, ಆ ಜಾತಿ ಈ ಜಾತಿ ಅಂತಿಲ್ಲ. ಅಮೆರಿಕದ ಗಣಿತಜ್ಞ ಜಾನ್ ನ್ಯಾಶ್‌ಗೆ ಈ ಕಾಯಿಲೆ ಇತ್ತು. 1994ರಲ್ಲಿ ನೊಬೆಲ್ ಬಹುಮಾನವೂ ಬಂತು.

ಒಂದೇ ಕಾರಣ ಅಂತ ಬೆಟ್ಟು ಮಾಡಿ ತೋರಿಸೋಕೆ ಬರೋದಿಲ್ಲ. ರಕ್ತಸಂಬಂಧದ ಪಾಲು ಇದೆ. ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೆ ಮಕ್ಕಳಲ್ಲಿ ನೂರಕ್ಕೆ ಹತ್ತು ಮಂದಿಗೆ ಬರಬಹುದು. ಅಂದರೆ ತೊಂಬತ್ತು ಮಂದಿಗೆ ಬರೋದಿಲ್ಲ! ಒಂದೇ ಅಚ್ಚಿನ ಅವಳಿಗಳಲ್ಲಿ ಒಬ್ಬನಿಗೆ ಬಂದರೂ ಇನ್ನೊಬ್ಬನಿಗೆ ಬರೋದು ಸುಮಾರು ಅರ್ಧದಷ್ಟು ಸಲ ಮಾತ್ರ. ಮಿಕ್ಕದ್ದಕ್ಕೆ ಹೊಟ್ಟೆಯಲ್ಲಿದ್ದಾಗಿನ, ಹೆರಿಗೆ ಹೊತ್ತಿನ ತೊಂದರೆಗಳು, ಜೀವನದ ಪೆಟ್ಟುಗಳು ಸೇರ್ತವೆ. ಹದಿಹರೆಯದಲ್ಲಿ ಹಿಡಿದ ಗಾಂಜಾ ಚಟ ಅಪಾಯ ಹೆಚ್ಚಿಸುತ್ತೆ ಅನ್ನೋದು ಹಲವು ದೇಶಗಳ ಅಧ್ಯಯನದಲ್ಲಿ ಕಂಡಿದೆ. ‘ಗಿಡಮೂಲಿಕೆ ತಾನೇ, ಏನಾಗುತ್ತೆ’ ಅನ್ನೋ ಹುಡುಗರು ಇದನ್ನು ಕಿವಿಗೆ ಹಾಕ್ಕೊಳ್ಳಬೇಕು.

ಮಿದುಳಿನೊಳಗೆ ಒಂದು ನರದಿಂದ ಇನ್ನೊಂದಕ್ಕೆ ಸುದ್ದಿ ಸಾಗಿಸೋ ರಾಸಾಯನಿಕಗಳಿವೆ. ಅದರಲ್ಲಿ ಒಂದು ಡೋಪಮಿನ್. ಈ ಕಾಯಿಲೆಯಲ್ಲಿ ಮಿದುಳಿನ ಕೆಲವು ಭಾಗದಲ್ಲಿ ಅದರ ಆರ್ಭಟ ಜಾಸ್ತಿ. ಹೀಗಾಗಿ ಬೇಡದ ಸದ್ದು, ಬೇಡದ ನೋಟ, ಪಕ್ಕದವರ ಕೆಮ್ಮು – ಎಲ್ಲಕ್ಕೂ ಇಲ್ಲದ ಅರ್ಥ ಅಂಟಿಕೊಳ್ಳುತ್ತೆ. ತಾಯಿ ಸರಿಯಾಗಿ ಸಾಕಲಿಲ್ಲ ಅನ್ನೋ ಮಾತು ಒಂದು ಕಾಲದಲ್ಲಿ ಪಾಶ್ಚಾತ್ಯ ಡಾಕ್ಟರುಗಳ ಬಾಯಲ್ಲೂ ಇತ್ತು. ಅದು ಸುಳ್ಳು ಅಂತ ತೀರ್ಮಾನವಾಗಿ ಎಷ್ಟೋ ಕಾಲವಾಯ್ತು. ಯಾವ ತಾಯಿಯೂ ತನ್ನನ್ನು ತಾನು ಹಳಿದುಕೊಳ್ಳಬೇಕಾಗಿಲ್ಲ.

ಸರ್ಪಗಂಧಿಯಿಂದ ಸೂಜಿಮದ್ದಿನವರೆಗೆ

ಔಷಧಿಯ ಕಥೆ ನಮ್ಮ ದೇಶದ್ದೇ ಒಂದು ಬೇರಿನಿಂದ ಶುರುವಾಗುತ್ತೆ. ಸರ್ಪಗಂಧಿ ಮಲೆನಾಡಿನವರಿಗೆ ಹೊಸ ಗಿಡವಲ್ಲ. ಅದರ ಬೇರಿನಿಂದ ಹುಚ್ಚಿನ ಆವೇಶ ಇಳಿಯುತ್ತೆ, ರಕ್ತದೊತ್ತಡವೂ ಇಳಿಯುತ್ತೆ ಅಂತ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ 1931ರಲ್ಲೇ ಬರೆದರು. ಆ ಬೇರಿನ ಸಾರವಾದ ರೆಸರ್ಪಿನ್ ಅನ್ನು 1950ರ ದಶಕದಲ್ಲಿ ಹೊರದೇಶದ ಆಸ್ಪತ್ರೆಗಳಲ್ಲೂ ಬಳಸಿದರು. ಅಡ್ಡ ಪರಿಣಾಮ ಹೆಚ್ಚು ಅಂತ ಆಮೇಲೆ ಬಿಟ್ಟರು. ಈಗ ಯಾರಾದರೂ ಬೇರು ಅರೆದು ಕುಡಿಸಿದರೆ ಅದು ಚಿಕಿತ್ಸೆಯಲ್ಲ, ಅಪಾಯ.

1952ರಲ್ಲಿ ಪ್ಯಾರಿಸ್ಸಿನ ಡಾಕ್ಟರುಗಳು ಕ್ಲೋರ್‌ಪ್ರೊಮಜಿನ್ ಕೊಟ್ಟು ನೋಡಿದ ಮೇಲೆ ಜಗತ್ತಿನ ಹುಚ್ಚಾಸ್ಪತ್ರೆಗಳ ಬೀಗಗಳು ಒಂದೊಂದಾಗಿ ತೆರೆದವು. ಈಗ ರಿಸ್ಪೆರಿಡೋನ್, ಒಲಾಂಜಪಿನ್ ಮುಂತಾದ ಮಾತ್ರೆಗಳಿವೆ. ಬೇರೆ ಯಾವುದಕ್ಕೂ ಬಗ್ಗದ ಕಾಯಿಲೆಗೆ ಕ್ಲೋಜಪಿನ್ ಇದೆ. ಅದಕ್ಕೆ ಆಗಾಗ್ಗೆ ರಕ್ತ ಪರೀಕ್ಷೆ ಕಡ್ಡಾಯ. ದಿನಾ ಮಾತ್ರೆ ನುಂಗೋಕೆ ಒಪ್ಪದವರಿಗೆ ಎರಡು ವಾರಕ್ಕೋ ತಿಂಗಳಿಗೋ ಒಂದು ಸಲ ಕೊಡೋ ಇಂಜೆಕ್ಷನ್ನಿದೆ.

ರಕ್ತ ಪರೀಕ್ಷೆಯಲ್ಲಾಗಲಿ ಸ್ಕ್ಯಾನಿಂಗಿನಲ್ಲಾಗಲಿ ಈ ಕಾಯಿಲೆ ಕಾಣೋದಿಲ್ಲ. ಕುಡಿತ, ಗಾಂಜಾ, ಮೂರ್ಛೆ, ಥೈರಾಯ್ಡ್ ಮುಂತಾದ ಬೇರೆ ಕಾರಣ ಇಲ್ಲ ಅಂತ ತಿಳಿಯೋಕೆ ಆ ಪರೀಕ್ಷೆಗಳು. ರೋಗಿಯ ಮಾತು, ಮನೆಯವರ ಮಾತು ಕೇಳಿಯೇ ಡಾಕ್ಟರು ತೀರ್ಮಾನ ಮಾಡೋದು. ಆದ್ದರಿಂದ ಮನೆಯವರು ಮುಚ್ಚುಮರೆ ಇಲ್ಲದೆ ಹೇಳಬೇಕು.

ಮಾತ್ರೆ ಹಾಕಿದ ಮರುದಿನ ಗುಣ ಕಾಣೋದಿಲ್ಲ. ನಿದ್ದೆ ಮೊದಲು ಸರಿಹೋಗುತ್ತೆ. ದನಿ, ಸಂಶಯ ಇಳಿಯೋಕೆ ವಾರಗಳು ಬೇಕು. ಕೈ ನಡುಕ, ಮೈ ಬಿಗಿತ, ಜೊಲ್ಲು, ತೂಕ ಹೆಚ್ಚೋದು, ಸಕ್ಕರೆ ಏರೋದು – ಇಂಥ ತೊಂದರೆ ಬರಬಹುದು. ಬಂದರೆ ಡಾಕ್ಟರಿಗೆ ಹೇಳಬೇಕು, ಅವರು ಬದಲಾಯಿಸ್ತಾರೆ. ತಾವೇ ಬಿಡಬಾರದು. ಎಲ್ಲ ಮನೆಯಲ್ಲೂ ಆಗೋ ತಪ್ಪು ಇದೇ. ಮೂರು ತಿಂಗಳು ತಗೊಂಡ, ಚೆನ್ನಾಗಾದ, ‘ಇನ್ಯಾಕೆ ಮಾತ್ರೆ’ ಅಂತ ನಿಲ್ಲಿಸಿದರು. ಆರು ತಿಂಗಳಲ್ಲಿ ಮತ್ತೆ ಮೊದಲಿನಂತೆ. ಪ್ರತಿ ಸಲ ಮರುಕಳಿಸಿದಾಗಲೂ ಮೇಲೆ ಏಳೋದು ಇನ್ನಷ್ಟು ನಿಧಾನ. ಸಕ್ಕರೆ ಕಾಯಿಲೆಯವರು ಸಕ್ಕರೆ ಇಳಿಯಿತು ಅಂತ ಮಾತ್ರೆ ಬಿಡ್ತಾರಾ?

ತೀರ್ಥಹಳ್ಳಿ ಹೇಳಿದ ಪಾಠ

ಚಿಕಿತ್ಸೆ ಮಾಡದಿದ್ದರೆ ತನ್ನಷ್ಟಕ್ಕೆ ಸರಿಹೋಗೋದಿಲ್ಲವೇ? ಈ ಪ್ರಶ್ನೆಗೆ ಉತ್ತರ ನಮ್ಮ ಜಿಲ್ಲೆಯಲ್ಲೇ ಸಿಕ್ಕಿದೆ. ಬೆಂಗಳೂರಿನ ನಿಮ್ಹಾನ್ಸ್ ಡಾಕ್ಟರುಗಳು 2005ರಿಂದ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಒಂದು ಕೆಲಸ ಹಿಡಿದರು. ಡಾ. ಜಗದೀಶ ತೀರ್ಥಹಳ್ಳಿ, ಡಾ. ಬಿ.ಎನ್. ಗಂಗಾಧರ್ ಮುಂತಾದವರು ಅದರಲ್ಲಿದ್ದರು. ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಹಳ್ಳಿಗಳಲ್ಲಿ ಇಂಥ ರೋಗಿಗಳು ಎಲ್ಲಿದ್ದಾರೆ ಅಂತ ಹುಡುಕಿ, ಊರ ಹತ್ತಿರವೇ ಚಿಕಿತ್ಸೆ ಕೊಡೋ ಏರ್ಪಾಡು.

ಹುಡುಕಿದಾಗ ಏನು ಕಂಡಿತು? ವರ್ಷಗಟ್ಟಲೆಯಿಂದ ಕಾಯಿಲೆ ಇದ್ದೂ ಒಂದೇ ಒಂದು ಮಾತ್ರೆ ಕಾಣದ ಜನ ಸಿಕ್ಕಿದರು. ಮಾತ್ರೆ ತಗೊಳ್ತಿದ್ದವರನ್ನೂ ತಗೊಳ್ಳದವರನ್ನೂ ಒಂದು ವರ್ಷ ಪಕ್ಕಪಕ್ಕ ಇಟ್ಟು ನೋಡಿದರು. ಸ್ನಾನ, ಊಟ, ಮಾತುಕತೆ, ದುಡಿಮೆ – ಇವುಗಳನ್ನು ಅಳೆದು ನೋಡಿದಾಗ ಚಿಕಿತ್ಸೆ ಪಡೆದವರು ಸುಧಾರಿಸಿದ್ದರು. ಪಡೆಯದವರು ಇದ್ದಲ್ಲೇ ಇದ್ದರು. 2009ರಲ್ಲಿ ಇದು ಹೊರದೇಶದ ವೈದ್ಯ ಪತ್ರಿಕೆಯಲ್ಲಿ ಅಚ್ಚಾಯಿತು. ಅಡಿಕೆ ತೋಟದ ಒಂಟಿ ಮನೆಗಳ ಸಂಗತಿ ಜಗತ್ತಿನ ಡಾಕ್ಟರುಗಳು ಓದಿದರು. ಶಿವಮೊಗ್ಗ, ಭದ್ರಾವತಿಯ ನಾವು ಎಷ್ಟು ಜನ ಕೇಳಿದ್ದೇವೆ?

ಇಡೀ ದೇಶದ ಲೆಕ್ಕವೂ ಇದಕ್ಕಿಂತ ಬೇರೆಯಲ್ಲ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಇಂಥ ತೀವ್ರ ಮಾನಸಿಕ ಕಾಯಿಲೆ ಇರೋ ನಾಲ್ವರಲ್ಲಿ ಮೂವರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ.

ಶಿವಮೊಗ್ಗಕ್ಕೆ ಈ ವಿಷಯ ಹೊಸದೂ ಅಲ್ಲ. ಇದೇ ಊರಿನಲ್ಲಿ ‘ಮಾನಸ’ ಆಸ್ಪತ್ರೆ ಕಟ್ಟಿದ ಡಾ. ಕೆ.ಎ. ಅಶೋಕ್ ಪೈ ಮನಸ್ಸಿನ ಕಾಯಿಲೆ ನಾಚಿಕೆಯ ವಿಷಯವಲ್ಲ ಅನ್ನೋದನ್ನು ಪತ್ರಿಕೆಗಳಲ್ಲಿ, ಪುಸ್ತಕಗಳಲ್ಲಿ ಬರೆದೂ ಬರೆದೂ ಹೇಳಿದರು. ಅಷ್ಟು ಸಾಲದು ಅಂತ ಸಿನಿಮಾಕ್ಕೂ ಕೈ ಹಾಕಿದರು. ಸುರೇಶ್ ಹೆಬ್ಳೀಕರ್ ನಿರ್ದೇಶಿಸಿದ ‘ಕಾಡಿನ ಬೆಂಕಿ’ 1987ರ ಸಾಲಿನ ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರ ಪ್ರಶಸ್ತಿ ಪಡೆಯಿತು. ಅಶೋಕ್ ಪೈ 2016ರಲ್ಲಿ ತೀರಿಕೊಂಡರು. ಅವರು ಹೇಳಿದ್ದರಲ್ಲಿ ಎಷ್ಟು ಊರಿನ ಕಿವಿಗೆ ಬಿತ್ತು ಅನ್ನೋದು ಊರಿಗೇ ಗೊತ್ತಿರಬೇಕು.

ಸರಪಳಿ ಹಾಕಿದರೆ ಕಾನೂನು ಏನನ್ನುತ್ತೆ?

2001ರ ಆಗಸ್ಟ್ 6ನೇ ತಾರೀಕು. ತಮಿಳುನಾಡಿನ ಏರವಾಡಿ. ದರ್ಗಾಕ್ಕೆ ಕರೆದುಕೊಂಡು ಬಂದರೆ ಮನಸ್ಸಿನ ಕಾಯಿಲೆ ವಾಸಿಯಾಗುತ್ತೆ ಅಂತ ಜನ ಬರೋ ಊರು. ಅಲ್ಲಿನ ಖಾಸಗಿ ಆಶ್ರಯವೊಂದರ ಗುಡಿಸಲಿಗೆ ಬೆಳಗಿನ ಜಾವ ಬೆಂಕಿ ಬಿತ್ತು. ಒಳಗಿದ್ದವರನ್ನು ಸರಪಳಿಯಲ್ಲಿ ಕಟ್ಟಿಹಾಕಿದ್ದರು. ಓಡೋಕೆ ಆಗಲಿಲ್ಲ. 28 ಮಂದಿ ಸುಟ್ಟು ಸತ್ತರು. ಸುಪ್ರೀಂ ಕೋರ್ಟ್ ತಾನಾಗಿಯೇ ವಿಚಾರಣೆಗೆ ಕೈಗೆತ್ತಿಕೊಂಡಿತು.

ಬ್ರಿಟಿಷರ ಕಾಲದ 1912ರ ಹುಚ್ಚರ ಕಾನೂನು ಹೋಗಿ 1987ರ ಕಾನೂನು ಬಂತು. ಅದೂ ಹೋಗಿ 2017ರ ಮಾನಸಿಕ ಆರೋಗ್ಯ ಪಾಲನಾ ಕಾನೂನು ಬಂದು 2018ರ ಮೇ ತಿಂಗಳಿಂದ ಜಾರಿಯಲ್ಲಿದೆ. ಯಾವ ರೂಪದಲ್ಲೂ ಸರಪಳಿ ಹಾಕಕೂಡದು ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಅರಿವಳಿಕೆ ಇಲ್ಲದೆ ಕರೆಂಟು ಚಿಕಿತ್ಸೆ ಕೊಡಕೂಡದು ಅಂತಲೂ ಇದೆ. ಬೀದಿಯಲ್ಲಿ ಅಲೆಯೋ ರೋಗಿ ಕಂಡರೆ ರಕ್ಷಣೆ ಕೊಡೋದು ಪೊಲೀಸ್ ಠಾಣೆಯ ಜವಾಬ್ದಾರಿ. ಠಾಣೆಗೆ ಕರೆತಂದರೆ 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಲಾಕಪ್ಪಿನಲ್ಲಿ ಕೂಡಿ ಹಾಕೋ ಹಾಗಿಲ್ಲ. ಬಸ್ ಸ್ಟ್ಯಾಂಡಿನ ಅಂಗಡಿಯವರು ನೀರೆರಚಿ ಓಡಿಸೋ ಬದಲು ಠಾಣೆಗೆ ಒಂದು ಫೋನ್ ಮಾಡಿದರೆ ಅದು ಅವರ ದಾಕ್ಷಿಣ್ಯಕ್ಕೆ ಮಾಡೋ ಕೆಲಸವಲ್ಲ, ಕಾನೂನಿನ ಕೆಲಸ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾನೂನಿನ 21 ಬಗೆಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ಶೇಕಡಾ 40ಕ್ಕೆ ಮೇಲ್ಪಟ್ಟ ನ್ಯೂನತೆ ಇದೆ ಅಂತ ಸರ್ಕಾರಿ ವೈದ್ಯರು ಸರ್ಟಿಫಿಕೇಟ್ ಕೊಟ್ಟರೆ ಸರ್ಕಾರದ ಸವಲತ್ತಿಗೆ ಅರ್ಜಿ ಹಾಕಬಹುದು.

ಮದುವೆ ಮಾಡಿದರೆ ಸರಿಹೋಗ್ತಾನಾ?

ಈ ಸಲಹೆ ಕೊಡದ ನೆಂಟರಿಲ್ಲ. ‘ಒಂದು ಮದುವೆ ಮಾಡಿಬಿಡಿ, ಜವಾಬ್ದಾರಿ ಬಂದರೆ ಸರಿಹೋಗ್ತಾನೆ.’ ಹೆಣ್ಣಿನ ಕಡೆಯವರಿಗೆ ಹೇಳದೆ ಮದುವೆ ಮಾಡ್ತಾರೆ. ಹೊಸ ಸೊಸೆಗೆ ಗೊತ್ತಾಗಬಾರದು ಅಂತ ಮಾತ್ರೆ ನಿಲ್ಲಿಸ್ತಾರೆ. ಮದುವೆ ಗಲಾಟೆಯಲ್ಲಿ ನಿದ್ದೆಯೂ ಹೋಗುತ್ತೆ. ಹದಿನೈದು ದಿನದಲ್ಲಿ ಕಾಯಿಲೆ ಬಂದು ಬಾಗಿಲು ತಟ್ಟುತ್ತೆ. ಆಮೇಲೆ ಪಂಚಾಯಿತಿ, ಕೋರ್ಟು. ಎರಡು ಮನೆ ಹಾಳು. ಮದುವೆ ಮದ್ದಲ್ಲ. ಕಾಯಿಲೆ ಹತೋಟಿಗೆ ಬಂದ ಮೇಲೆ, ಎರಡೂ ಕಡೆ ವಿಷಯ ಗೊತ್ತಿದ್ದು, ಮಾತ್ರೆ ನಿಲ್ಲಿಸದೆ ಮದುವೆಯಾಗಿ ಚೆನ್ನಾಗಿ ಬಾಳಿದವರಿದ್ದಾರೆ.

ಹೆಸರು ಹಚ್ಚಿ ಬಿಟ್ಟುಬಿಡೋಕೂ ಬರೋದಿಲ್ಲ. ಹೆಂಡತಿಗೆ ಸ್ಕಿಜೋಫ್ರೇನಿಯಾ ಇದೆ ಅಂತ ವಿಚ್ಛೇದನ ಕೇಳಿದ ಮೊಕದ್ದಮೆಯಲ್ಲಿ 1988ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ಕಾಯಿಲೆಯ ಹೆಸರೊಂದೇ ಸಾಲದು, ಒಟ್ಟಿಗೆ ಬಾಳಲಾಗದಷ್ಟು ತೀವ್ರ ಇದೆಯೇ ಅಂತ ನೋಡಬೇಕು. ‘ಶರಪಂಜರ’ ನೋಡಿದವರಿಗೆ ಕಾವೇರಿ ನೆನಪಿದ್ದಾಳು. ಗುಣವಾಗಿ ಆಸ್ಪತ್ರೆಯಿಂದ ಮನೆಗೆ ಬಂದವಳನ್ನು ಮತ್ತೆ ಅಲ್ಲಿಗೇ ಕಳಿಸಿದ್ದು ಸುತ್ತಲಿನವರ ಅನುಮಾನದ ಕಣ್ಣು. ತ್ರಿವೇಣಿಯವರು ಅದನ್ನು ಬರೆದು ಅರವತ್ತು ವರ್ಷ ದಾಟಿತು. ಆ ಕಣ್ಣು ಇನ್ನೂ ಹಾಗೇ ಇದೆ.

ಮನೆಯವರು, ಅಂಗಡಿಯವರು ಏನು ಮಾಡಬೇಕು?

ಅವನಿಗೆ ಕೇಳೋ ದನಿ ಸುಳ್ಳು ಅಂತ ವಾದ ಮಾಡಬೇಡಿ. ಹೌದು ಹೌದು ಅಂತ ತಲೆಯೂ ಹಾಕಬೇಡಿ. ‘ನನಗೆ ಕೇಳಿಸ್ತಿಲ್ಲ, ಆದರೆ ನಿನಗೆ ಕೇಳಿ ಹೆದರಿಕೆ ಆಗ್ತಿದೆ, ಬಾ ಡಾಕ್ಟರ ಹತ್ತಿರ ಹೋಗೋಣ’ ಅನ್ನಿ. ನಿದ್ದೆ ಬರ್ತಿಲ್ಲ ಅನ್ನೋ ನೆಪದಲ್ಲಿ ಕರೆದರೆ ಹೆಚ್ಚಿನವರು ಬರ್ತಾರೆ.

ದಿನಬೆಳಗಾದರೆ ಹಂಗಿಸೋ, ಬೈಯೋ ಮನೆಯಲ್ಲಿ ಕಾಯಿಲೆ ಬೇಗ ಮರುಕಳಿಸುತ್ತೆ ಅನ್ನೋದನ್ನು ಲಂಡನ್ನಿನ ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಚಂಡೀಗಢದಲ್ಲಿ ಅದೇ ಅಳತೆಗೋಲಿನಿಂದ ನೋಡಿದಾಗ ನಮ್ಮ ದೇಶದ ಮನೆಗಳಲ್ಲಿ ಬೈಗುಳ ಕಡಿಮೆ ಇತ್ತು. ಅದನ್ನು ಉಳಿಸಿಕೊಳ್ಳಬೇಕು. ದೇವರಿಗೆ ಹರಕೆ ಹೊತ್ತರೆ ಯಾರೂ ಬೇಡ ಅನ್ನೋದಿಲ್ಲ. ಹರಕೆಯ ಜೊತೆ ಮಾತ್ರೆಯೂ ಇರಲಿ. ಬರೆ ಹಾಕೋದು, ಹೊಗೆ ಹಾಕೋದು, ಬೇವಿನ ಸೊಪ್ಪಿನಲ್ಲಿ ಹೊಡೆಯೋದು ಬೇಡ.

ಸುಧಾರಿಸಿದವನಿಗೆ ಮುಖ್ಯವಾಗಿ ಬೇಕಾದ್ದು ಒಂದು ಕೆಲಸ. ದೊಡ್ಡದಲ್ಲ. ಬೆಳಗ್ಗೆ ಬಂದು ಅಂಗಡಿ ಗುಡಿಸೋದು, ಸಾಮಾನು ಜೋಡಿಸೋದು, ಎರಡು ಗಂಟೆ ಪೊಟ್ಟಣ ಕಟ್ಟೋದು. ಇದನ್ನು ಕೊಡೋ ಶಕ್ತಿ ಸರ್ಕಾರಕ್ಕಿಂತ ಅಂಗಡಿಯವರಿಗೆ ಹೆಚ್ಚು ಇದೆ. ಹಗಲು ಹೊತ್ತು ಇಂಥವರು ಬಂದು ಕೂತು ಕೈಕೆಲಸ ಕಲಿಯಲಿ ಅಂತ ರಾಜ್ಯ ಸರ್ಕಾರ ‘ಮಾನಸಧಾರ’ ಅನ್ನೋ ಹೆಸರಿನ ಕೇಂದ್ರಗಳನ್ನು ಶುರು ಮಾಡಿದ್ದೂ ಇದಕ್ಕೇ. ಒಂದು ಎಚ್ಚರ: ಹಣಕಾಸಿನ ಹೊರೆ, ರಾತ್ರಿ ಪಾಳಿ ಮೊದಲಿಗೇ ಬೇಡ. ನಿದ್ದೆ ಕೆಟ್ಟರೆ ಎಲ್ಲ ಕೆಟ್ಟಂತೆ.

ಎಲ್ಲಿಗೆ ಹೋಗೋದು?

ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆಗೆ ವೈದ್ಯಕೀಯ ಕಾಲೇಜು ಸೇರಿದೆ, ಮನೋರೋಗ ವಿಭಾಗ ಇದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರೋ ‘ಮನೋಚೈತನ್ಯ’ ಅನ್ನೋ ಯೋಜನೆಯನ್ನು ರಾಜ್ಯ ಸರ್ಕಾರ ಮಾಡಿದೆ. ಭದ್ರಾವತಿಯವರು ತಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ಯಾವ ದಿನ, ಯಾವ ಕೋಣೆ ಅಂತ ಕೇಳಿ ತಿಳಿದುಕೊಳ್ಳಬೇಕು. ಈ ಕಾಯಿಲೆಯ ಮುಖ್ಯ ಮಾತ್ರೆಗಳು ದುಬಾರಿಯವಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗಬೇಕಾದವು. ಕೌಂಟರಿನಲ್ಲಿ ‘ಸ್ಟಾಕ್ ಇಲ್ಲ’ ಅಂದರೆ ಯಾವಾಗ ಬರುತ್ತೆ ಅಂತ ಗಟ್ಟಿಯಾಗಿ ಕೇಳೋ ಹಕ್ಕು ನಿಮಗಿದೆ. ಒಂದು ವಾರ ಮಾತ್ರೆ ತಪ್ಪಿದರೂ ಇಲ್ಲಿ ನಷ್ಟ ದೊಡ್ಡದು.

ಆಸ್ಪತ್ರೆಗೆ ಹೋಗೋಕೆ ಸಂಕೋಚ ಇದ್ದವರಿಗೆ ಫೋನ್ ಇದೆ. 2022ರ ಅಕ್ಟೋಬರ್ 10ರಿಂದ ಶುರುವಾದ ‘ಟೆಲಿ ಮಾನಸ್’ ನಂಬರು 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸಾಯ್ತೀನಿ ಅನ್ನೋ ಮಾತು ಬಂದರೆ ಫೋನಿಗೂ ಕಾಯಬೇಡಿ, ಸೀದಾ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.

ಎಲ್ಲರೂ ಪೂರ್ತಿ ಗುಣ ಆಗ್ತಾರೆ ಅಂತ ಯಾವ ಡಾಕ್ಟರೂ ಬರೆದುಕೊಡೋದಿಲ್ಲ. ಕೆಲವರು ಪೂರ್ತಿ ಗುಣವಾಗ್ತಾರೆ, ಕೆಲವರಿಗೆ ಬಂದು ಹೋಗಿ ಮಾಡುತ್ತೆ, ಕೆಲವರಿಗೆ ಬಾಳಿಡೀ ಆಸರೆ ಬೇಕು. ಯಾರು ಯಾವ ಸಾಲಿಗೆ ಸೇರ್ತಾರೆ ಅನ್ನೋದರಲ್ಲಿ ಬೇಗ ಬಂದರೋ ತಡವಾಗಿ ಬಂದರೋ ಅನ್ನೋದಕ್ಕೆ ದೊಡ್ಡ ಪಾಲಿದೆ. ತಾಯತ ಕಟ್ಟಿಸಿ, ಅಂಜನ ಹಾಕಿಸಿ, ಮೂರು ಅಮಾವಾಸ್ಯೆ ಕಾದು, ಆಮೇಲೆ ಆಸ್ಪತ್ರೆಗೆ ಹೋಗೋಣ ಅನ್ನೋ ಮನೆ ಯಾವುದಾದರೂ ನಿಮಗೆ ಗೊತ್ತಿದ್ದರೆ, ಮುಂದಿನ ಮಂಗಳವಾರ ಅವರ ಜೊತೆ ನೀವೂ ಆಸ್ಪತ್ರೆಗೆ ಹೋಗಿ ಬನ್ನಿ.